ಪರದೆಯ ಮೇಲಿನ ಚೆಂಡು ಕೈತಪ್ಪುವುದೇಕೆ?

ಕಳೆದ ಬೇಸಗೆಯಲ್ಲಿ ನನ್ನ ವಿದ್ಯಾರ್ಥಿಯೊಬ್ಬನು ಒಂದು ವಿಚಿತ್ರವಾದ ದೂರನ್ನು ಹೊತ್ತು ಮನೆಗೆ ಬಂದನು. ಅವನು ನಮ್ಮ ಕಾಲೇಜಿನ ಕ್ರಿಕೆಟ್ ತಂಡದವನು; ಬೌಂಡರಿಯ ಬಳಿ ನಿಂತು ಎತ್ತರದ ಚೆಂಡುಗಳನ್ನು ಹಿಡಿಯುವುದರಲ್ಲಿ ಎತ್ತಿದ ಕೈ. ಅಮೆರಿಕದಲ್ಲಿರುವ ಅವನ ಚಿಕ್ಕಪ್ಪ ರಜೆಗೆ ಬಂದಾಗ ಬೇಸ್‌ಬಾಲಿನ ಒಂದು ವಿಡಿಯೋ ಆಟವನ್ನು ತಂದುಕೊಟ್ಟಿದ್ದರು. “ಮೈದಾನದಲ್ಲಿ ಹತ್ತಕ್ಕೆ ಒಂಬತ್ತು ಚೆಂಡು ಹಿಡಿಯುತ್ತೇನೆ, ಸಾರ್. ಪರದೆಯ ಮೇಲೆ ಹತ್ತಕ್ಕೆ ಮೂರೂ ದಕ್ಕುವುದಿಲ್ಲ. ಹಿಡಿದರೂ ಎಸೆತ ತಪ್ಪುತ್ತದೆ. ಏಳನೆಯ ತರಗತಿಯಲ್ಲಿ ಓದುವ ತಂಗಿ ನನ್ನನ್ನು ಸೋಲಿಸಿ ನಗುತ್ತಾಳೆ. ಮುಂದಿನ ತಿಂಗಳು ವಿಶ್ವವಿದ್ಯಾನಿಲಯದ ತಂಡಕ್ಕೆ ಆಯ್ಕೆಯಿದೆ. ನನ್ನ ಕೈಯೇ ಕೆಟ್ಟಿತೋ, ಯಂತ್ರ ಮೋಸಮಾಡುತ್ತಿದೆಯೋ ತಿಳಿಯದು” ಎಂದನು.

ಮಾತು ನಗು ತರಿಸುವಂಥದಾದರೂ ಅದರ ಹಿಂದಿದ್ದ ಅಳುಕು ನಿಜವಾದುದು. ಕೈ ಕೆಟ್ಟಿಲ್ಲ, ಯಂತ್ರ ಮೋಸವನ್ನೂ ಮಾಡುತ್ತಿಲ್ಲ ಎಂದು ನಾನು ಹೇಳಿದೆ. ಹಾಗಾದರೆ ಚೆಂಡು ತಪ್ಪುವುದೇಕೆ? ಇದಕ್ಕೆ ಉತ್ತರವನ್ನು ಹುಡುಕಹೊರಟರೆ, ಮೈದಾನದಲ್ಲಿ ಚೆಂಡನ್ನು ಹಿಡಿಯುವಾಗ ನಾವು ನಿಜವಾಗಿ ಏನು ಮಾಡುತ್ತೇವೆ ಎಂಬ, ಬಹಳ ದಿನ ಯಾರೂ ಸರಿಯಾಗಿ ಕೇಳದಿದ್ದ ಪ್ರಶ್ನೆಯನ್ನೇ ಎದುರಿಸಬೇಕಾಗುತ್ತದೆ.

ಆಟದ ಸ್ವರೂಪ

ಅಮೆರಿಕ, ಜಪಾನ್ ದೇಶಗಳಲ್ಲಿ ಬೇಸ್‌ಬಾಲ್ ಬಹು ಜನಪ್ರಿಯವಾದ ಆಟ. ಮೈದಾನದ ಒಂದು ಮೂಲೆಯಲ್ಲಿ ಒಂದು ಚೌಕವಿರುತ್ತದೆ; ಅದರ ಒಂದೊಂದು ಬದಿಯೂ 90 ಅಡಿ, ಎಂದರೆ 27.4 ಮೀಟರು. ದಾಂಡಿಗನು ನಿಲ್ಲುವ ಮೂಲೆಗೆ ಹೋಮ್ ಎಂದು ಹೆಸರು. ಉಳಿದ ಮೂರು ಮೂಲೆಗಳು ಮೊದಲನೆಯ, ಎರಡನೆಯ, ಮೂರನೆಯ ಬೇಸುಗಳು. ಚೆಂಡನ್ನು ಹೊಡೆದೊಡನೆಯೇ ದಾಂಡಿಗನು ಮೊದಲನೆಯ ಬೇಸಿನ ಕಡೆಗೆ ಓಡಬೇಕು. ಎದುರು ಪಕ್ಷದ ಒಂಬತ್ತು ಮಂದಿ ಅವನನ್ನು ಔಟ್ ಮಾಡಲು ಕಾದಿರುತ್ತಾರೆ. ಚೆಂಡು ನೆಲವನ್ನು ಮುಟ್ಟುವ ಮೊದಲೇ ಹಿಡಿದರೆ, ಕ್ರಿಕೆಟ್ಟಿನಲ್ಲಿರುವಂತೆಯೇ, ದಾಂಡಿಗನು ಔಟ್. ಚೆಂಡು ನೆಲದ ಮೇಲೆ ಪುಟಿದು ಬಂದರೆ ಅದನ್ನು ಎತ್ತಿ, ದಾಂಡಿಗನು ಬೇಸನ್ನು ತಲುಪುವ ಮುಂಚೆಯೇ ಅಲ್ಲಿ ನಿಂತಿರುವ ಜೊತೆಗಾರನ ಕೈಸೇರುವಂತೆ ಎಸೆಯಬೇಕು. ಹೀಗೆ ಹಿಡಿಯುವುದು, ಎಸೆಯುವುದು ಎಂಬ ಎರಡು ಕೆಲಸಗಳಿವೆ. ಎರಡರ ತೊಡಕುಗಳೂ ಬೇರೆ ಬೇರೆ, ಒಂದೊಂದಾಗಿ ನೋಡೋಣ.

ಹಿಡಿಯುವವನ ಗುಟ್ಟು

ಎತ್ತರಕ್ಕೆ ಹಾರಿದ ಚೆಂಡು ಎಲ್ಲಿ ಬೀಳುವುದೆಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಸೂತ್ರದಿಂದ ಲೆಕ್ಕಹಾಕಬಲ್ಲರು. ಹೊರಟ ವೇಗ ಮತ್ತು ಕೋನ ತಿಳಿದರೆ ಸಾಕು. ಆದರೆ ಆಟಗಾರನ ಬಳಿ ಅಳತೆಪಟ್ಟಿಯೂ ಇಲ್ಲ, ಗಡಿಯಾರವೂ ಇಲ್ಲ. ಆದರೂ ಅವನು ಸರಿಯಾದ ಸ್ಥಳಕ್ಕೆ ಸರಿಯಾದ ಹೊತ್ತಿಗೆ ಹೋಗಿ ನಿಲ್ಲುತ್ತಾನೆ. ಈ ಸೋಜಿಗಕ್ಕೆ ಒಂದು ಸರಳವಾದ ವಿವರಣೆಯನ್ನು 1968ರಲ್ಲಿ ಸೆವಿಲ್ ಚಾಪ್‌ಮನ್ ಎಂಬವರು ‘ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಗಾಳಿಯ ತಡೆಯನ್ನು ಸದ್ಯಕ್ಕೆ ಮರೆತುಬಿಡೋಣ. ಆಗ ಚೆಂಡಿನ ಪಥ ಪರವಲಯ. ಒಂದು ಚೆಂಡು ಸೆಕೆಂಡಿಗೆ 20 ಮೀಟರು ವೇಗದಲ್ಲಿ ಮುಂದಕ್ಕೆ ಸಾಗುತ್ತ 4 ಸೆಕೆಂಡು ಗಾಳಿಯಲ್ಲಿರುವುದೆಂದಿಟ್ಟುಕೊಳ್ಳೋಣ. ಅದು 80 ಮೀಟರು ದೂರದಲ್ಲಿ ಬೀಳುವುದು. ಮೊದಲ, ಎರಡನೆಯ, ಮೂರನೆಯ ಸೆಕೆಂಡುಗಳ ಕೊನೆಯಲ್ಲಿ ಅದರ ಎತ್ತರ ಕ್ರಮವಾಗಿ 14.7, 19.6, 14.7 ಮೀಟರು. ಬೀಳುವ ಸ್ಥಳದಲ್ಲಿಯೇ ನಿಂತಿರುವವನಿಗೆ ಅದೇ ಕ್ಷಣಗಳಲ್ಲಿ ಚೆಂಡು ನೆಲದ ಅಳತೆಯಲ್ಲಿ 60, 40, 20 ಮೀಟರು ದೂರದಲ್ಲಿರುತ್ತದೆ. ಎತ್ತರವನ್ನು ದೂರದಿಂದ ಭಾಗಿಸಿದರೆ ಬರುವ ಸಂಖ್ಯೆಗಳು 0.245, 0.490, 0.735. ಇದು ಅವನ ಕಣ್ಣಿಗೆ ತೋರುವ ಉನ್ನತ ಕೋನದ ಟ್ಯಾಂಜೆಂಟ್. ಸೆಕೆಂಡಿಗೆ 0.245ರಂತೆ ಅದು ಒಂದೇ ಸಮನೆ ಏರುತ್ತಿರುವುದನ್ನು ಗಮನಿಸಿರಿ.

ಇದು ಆಕಸ್ಮಿಕವಲ್ಲ. ಯಾವುದೇ ಕ್ಷಣದಲ್ಲಿ ಚೆಂಡಿನ ಎತ್ತರವು ಕಳೆದ ಕಾಲ ಮತ್ತು ಉಳಿದ ಕಾಲಗಳ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಬೀಳುವ ಸ್ಥಳಕ್ಕೆ ಇರುವ ದೂರವಾದರೋ ಉಳಿದ ಕಾಲಕ್ಕೆ ಮಾತ್ರ ಅನುಪಾತದಲ್ಲಿದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಉಳಿದ ಕಾಲ ಹೊಡೆದುಹೋಗಿ ಕಳೆದ ಕಾಲ ಮಾತ್ರ ನಿಲ್ಲುತ್ತದೆ. ಕಾಲವು ಸಮನಾಗಿ ಏರುವುದರಿಂದ ಆ ಸಂಖ್ಯೆಯೂ ಸಮನಾಗಿ ಏರುತ್ತದೆ.

ಈಗ ಆಟಗಾರನು 10 ಮೀಟರು ಹಿಂದೆ, ಎಂದರೆ 90 ಮೀಟರು ದೂರದಲ್ಲಿ ನಿಂತಿರಲಿ. ಸಂಖ್ಯೆಗಳು 0.210, 0.392, 0.490 ಆಗುತ್ತವೆ. ಏರಿಕೆ ಬರಬರುತ್ತ ನಿಧಾನವಾಗುತ್ತಿದೆ. ಚೆಂಡು ಮುಂದೆ ಬೀಳುವುದೆಂದು ಇದರ ಅರ್ಥ. ಅವನು 10 ಮೀಟರು ಮುಂದೆ, 70 ಮೀಟರಿನಲ್ಲಿ ನಿಂತಿದ್ದರೆ ಅವು 0.294, 0.653, 1.470. ಏರಿಕೆ ತ್ವರೆಗೊಳ್ಳುತ್ತಿದೆ, ಚೆಂಡು ತಲೆಯ ಮೇಲೆ ಹಾರಿಹೋಗುವುದು. ಆದುದರಿಂದ ಆಟಗಾರನು ಏನನ್ನೂ ಲೆಕ್ಕಹಾಕಬೇಕಾಗಿಲ್ಲ. ಚೆಂಡಿನ ಏರಿಕೆ ನಿಧಾನವಾಗುವಂತೆ ಕಂಡರೆ ಮುಂದಕ್ಕೂ, ತ್ವರೆಗೊಳ್ಳುವಂತೆ ಕಂಡರೆ ಹಿಂದಕ್ಕೂ ಓಡಿದರಾಯಿತು. ಏರಿಕೆಯನ್ನು ಸಮನಾಗಿ ಇಟ್ಟುಕೊಂಡು ಓಡುವ ಕಾಲುಗಳು ಅವನನ್ನು ಚೆಂಡು ಬೀಳುವಲ್ಲಿಗೆ ತಾವಾಗಿಯೇ ಒಯ್ಯುತ್ತವೆ.

ಗಾಳಿಯ ತಡೆಯೇನೂ ಅಲ್ಪವಲ್ಲ. ಸೆಕೆಂಡಿಗೆ 44.7 ಮೀಟರು ವೇಗದಲ್ಲಿ 30 ಡಿಗ್ರಿ ಕೋನದಲ್ಲಿ ಹೊರಟ ಬೇಸ್‌ಬಾಲ್ ಚೆಂಡು ನಿರ್ವಾತದಲ್ಲಿ 176 ಮೀಟರು ಹೋಗಬೇಕು; ನಿಜವಾಗಿ ಹೋಗುವುದು ಸುಮಾರು 120 ಮೀಟರು ಮಾತ್ರ. ಚೆಂಡಿನ ಗಿರಕಿಯೂ ಪಥವನ್ನು ಬಾಗಿಸುತ್ತದೆ. ಆದರೆ ಆಟಗಾರನ ಉಪಾಯ ಪಥದ ಸೂತ್ರವನ್ನು ನೆಚ್ಚಿಕೊಂಡಿಲ್ಲ; ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುತ್ತ ಹೋಗುವುದೇ ಅದರ ಬಲ. 1995ರಲ್ಲಿ ಮೈಕೆಲ್ ಮೆಕ್‌ಬೀತ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಸ್ವಲ್ಪ ಬೇರೆಯಾದ ಇನ್ನೊಂದು ಉಪಾಯವನ್ನು ಸೂಚಿಸಿದರು: ಆಟಗಾರನು ತನ್ನ ಕಣ್ಣಿಗೆ ಚೆಂಡಿನ ಪಥ ನೆಟ್ಟಗಿನ ಗೆರೆಯಂತೆ ಕಾಣುವ ಹಾಗೆ ಓಡುತ್ತಾನೆ ಎಂದು. ಎರಡು ಮತಗಳಿಗೂ ಸಾಮಾನ್ಯವಾದ ಅಂಶವೊಂದಿದೆ. ಹಿಡಿಯುವ ವಿದ್ಯೆ ತಲೆಯೊಂದರಲ್ಲಿಲ್ಲ. ಕಣ್ಣು ಮತ್ತು ಕಾಲುಗಳ ನಡುವಣ ನಿರಂತರವಾದ ಸಂವಾದದಲ್ಲಿದೆ.

ಕಣ್ಣೊಂದು ಕಡೆ, ಕಾಲೊಂದು ಕಡೆ

ವಿಡಿಯೋ ಆಟ ಕಡಿದುಹಾಕುವುದು ಈ ಸಂವಾದವನ್ನೇ. ಬೇಸ್‌ಬಾಲಿನ ಬಹುಮಟ್ಟಿನ ಆಟಗಳಲ್ಲಿ ನಮ್ಮ ನೋಟ ದಾಂಡಿಗನ ಹಿಂದೆ, ಎತ್ತರದಲ್ಲಿರುವ ಒಂದು ಕಾಲ್ಪನಿಕ ಕ್ಯಾಮರಾದಿಂದ ಹೊರಡುತ್ತದೆ. ಓಡಬೇಕಾದ ಬೊಂಬೆಯಾದರೋ ಮೈದಾನದ ಆ ಕೊನೆಯಲ್ಲಿದೆ. ಅದರ ಕಾಲು ನಮ್ಮ ಹೆಬ್ಬೆರಳಿನ ಹತೋಟಿಯಲ್ಲಿದ್ದರೂ ಅದರ ಕಣ್ಣು ನಮ್ಮದಲ್ಲ.

ಮೇಲಿನ ಚೆಂಡನ್ನೇ ದಾಂಡಿಗನ ಸ್ಥಳದಿಂದ ನೋಡಿದರೆ ಎತ್ತರ ಮತ್ತು ದೂರಗಳ ಅನುಪಾತ 0.735, 0.490, 0.245 ಎಂದು ಸಮನಾಗಿ ಇಳಿಯುತ್ತದೆ. ಬೊಂಬೆ 70 ಮೀಟರಿನಲ್ಲಿ ನಿಂತಿರಲಿ, 90ರಲ್ಲಿ ನಿಂತಿರಲಿ, ಈ ಸಂಖ್ಯೆಗಳು ಕಿಂಚಿತ್ತೂ ಬದಲಾಗುವುದಿಲ್ಲ. ಅದನ್ನು ಎತ್ತ ಓಡಿಸಿದರೂ ಚೆಂಡಿನ ನೋಟ ಹಾಗೆಯೇ ಇರುತ್ತದೆ. ಮೈದಾನದಲ್ಲಿ ತಪ್ಪು ಹೆಜ್ಜೆಯಿಟ್ಟೊಡನೆ ಚೆಂಡೇ ಅದನ್ನು ತಿಳಿಸುತ್ತಿತ್ತು. ಇಲ್ಲಿ ಚೆಂಡು ಮೂಕವಾಗಿದೆ.

ಇದಕ್ಕಿಂತ ಕೆಟ್ಟ ಭ್ರಾಂತಿಯೊಂದುಂಟು. ಕ್ಯಾಮರಾ ನೆಲದಿಂದ 10 ಮೀಟರು ಎತ್ತರದಲ್ಲಿದೆಯೆಂದು ಭಾವಿಸಿರಿ. ಚೆಂಡು 40 ಮೀಟರು ದೂರದಲ್ಲಿ, 5 ಮೀಟರು ಎತ್ತರದಲ್ಲಿದೆ. ಕ್ಯಾಮರಾದಿಂದ ಚೆಂಡಿಗೆ ಗೆರೆಯೆಳೆದು ಮುಂದುವರಿಸಿದರೆ ಅದು ನೆಲವನ್ನು ಮುಟ್ಟುವುದು 80 ಮೀಟರು ದೂರದಲ್ಲಿ. ಎಂದರೆ ಪರದೆಯ ಮೇಲೆ 40 ಮೀಟರಿನ ಚೆಂಡೂ 80 ಮೀಟರಿನ ಹುಲ್ಲೂ ಒಂದೇ ಚುಕ್ಕೆಯಲ್ಲಿ ಕಾಣುತ್ತವೆ. ಹೊಸಬನು ಬೊಂಬೆಯನ್ನು ಆ ಹುಲ್ಲಿನತ್ತ ಓಡಿಸುತ್ತಾನೆ. ಚೆಂಡು ಇತ್ತ ಬಿದ್ದು ಪುಟಿಯುತ್ತದೆ.

ಪರದೆ ಚಪ್ಪಟೆಯಾಗಿರುವುದೇ ಇದಕ್ಕೆಲ್ಲ ಕಾರಣವೆಂದು ಕೆಲವರು ಹೇಳಿಯಾರು. ಅದು ಪೂರ್ತಿ ಸರಿಯಲ್ಲ. ನಮ್ಮ ಎರಡು ಕಣ್ಣುಗಳ ನಡುವಣ ಅಂತರ ಸುಮಾರು 6.5 ಸೆಂಟಿಮೀಟರು. 30 ಮೀಟರು ದೂರದ ಚೆಂಡನ್ನು ನೋಡುವಾಗ ಎರಡು ಕಣ್ಣುಗಳ ನೋಟದ ಗೆರೆಗಳ ನಡುವಣ ಕೋನ 0.12 ಡಿಗ್ರಿಗಿಂತ ಹೆಚ್ಚಿಲ್ಲ. ಅಷ್ಟು ದೂರದ ಚೆಂಡಿನ ವಿಷಯದಲ್ಲಿ ಎರಡು ಕಣ್ಣುಗಳ ಲಾಭ ಮೈದಾನದಲ್ಲಿಯೂ ಬಹಳ ಕಡಮೆ. ಚೆಂಡು ಕಂಪ್ಯೂಟರಿನ ಸೃಷ್ಟಿಯೆಂಬುದೂ ಕಾರಣವಲ್ಲ. 2009ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದ ವಿಲಿಯಂ ವಾರೆನ್ ಮತ್ತು ಸಂಗಡಿಗರು ಆಟಗಾರರ ಕಣ್ಣಿಗೆ ಪುಟ್ಟ ಪರದೆಗಳನ್ನು ಕಟ್ಟಿ, ವಿಶಾಲವಾದ ಕೋಣೆಯೊಂದರಲ್ಲಿ ನಿಜವಾಗಿಯೇ ಓಡಲು ಬಿಟ್ಟು, ಕಂಪ್ಯೂಟರ್ ಚಿತ್ರಿಸಿದ ಚೆಂಡುಗಳನ್ನು ತೋರಿಸಿದರು. ಕೆಲವು ಚೆಂಡುಗಳ ಪಥವನ್ನು ಹಾರಾಟದ ನಡುವೆಯೇ ಬದಲಾಯಿಸಿದರು. ಹಿಂದಕ್ಕೂ ಮುಂದಕ್ಕೂ ಓಡುವಾಗ ಆಟಗಾರರ ನಡೆ ಚಾಪ್‌ಮನ್ನರ ಉಪಾಯಕ್ಕೆ ಹೊಂದಿಕೊಂಡಿತು. ಬೀಳುವ ಸ್ಥಳವನ್ನು ಮೊದಲೇ ಊಹಿಸಿ ಓಡುತ್ತಾರೆಂಬ ಮತಕ್ಕೆ ಹೊಂದಲಿಲ್ಲ. ಕಣ್ಣೂ ಕಾಲೂ ಒಂದೆಡೆ ಇದ್ದರೆ ಚೆಂಡು ಕೃತಕವಾದರೂ ಹಳೆಯ ವಿದ್ಯೆ ಕೆಲಸಮಾಡುತ್ತದೆಂದಾಯಿತು.

ಆಟ ರಚಿಸುವವರು ಈ ನಷ್ಟವನ್ನು ಬಲ್ಲರು. ಅದಕ್ಕೆ ಪರಿಹಾರವನ್ನೂ ಕೊಡುತ್ತಾರೆ. ಚೆಂಡಿನ ನೇರ ಕೆಳಗೆ ಒಂದು ನೆರಳನ್ನು ಬರೆಯುತ್ತಾರೆ. ಸೂರ್ಯನು ಎಲ್ಲಿಯೇ ಇರಲಿ, ಈ ನೆರಳು ಮಾತ್ರ ನಡುಮಧ್ಯಾಹ್ನದ್ದು. 40 ಮೀಟರಿನ ಚೆಂಡನ್ನು 80 ಮೀಟರಿನದೆಂದು ತಿಳಿಯುವ ಭ್ರಾಂತಿ ಇದರಿಂದ ಹೋಗುತ್ತದೆ. ಆದರೆ ನೆರಳು ಚೆಂಡು ಈಗ ಎಲ್ಲಿದೆಯೆಂದು ಹೇಳುತ್ತದೆಯೇ ಹೊರತು ಎಲ್ಲಿ ಬೀಳುವುದೆಂದು ಹೇಳುವುದಿಲ್ಲ. ಅದಕ್ಕಾಗಿ ಅನೇಕ ಆಟಗಳಲ್ಲಿ ಬೀಳುವ ಜಾಗದಲ್ಲಿ ಒಂದು ಉಂಗುರವನ್ನೇ ಬರೆದಿಡುತ್ತಾರೆ. 1983ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ನಿಂಟೆಂಡೊ ಸಂಸ್ಥೆಯ ‘ಬೇಸ್‌ಬಾಲ್’ ಆಟದಲ್ಲಿ ಇನ್ನೂ ಸುಲಭವಾದ ದಾರಿಯನ್ನು ಹಿಡಿದಿದ್ದರು: ಚೆಂಡಿನ ಹಿಂದೆ ಓಡುವ ಕೆಲಸವನ್ನು ಯಂತ್ರಕ್ಕೇ ವಹಿಸಿ, ಯಾವ ಬೇಸಿಗೆ ಎಸೆಯಬೇಕೆಂಬ ನಿರ್ಧಾರವನ್ನು ಮಾತ್ರ ಮನುಷ್ಯನಿಗೆ ಬಿಟ್ಟಿದ್ದರು.

ಎಸೆತದ ಲೆಕ್ಕ

ಇನ್ನು ಎಸೆತ. ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ ನಿಲ್ಲುವ ಷಾರ್ಟ್‌ಸ್ಟಾಪ್ ಎಂಬ ಆಟಗಾರನು ಸುಮಾರು 36 ಮೀಟರು ದೂರದ ಮೊದಲನೆಯ ಬೇಸಿಗೆ ಎಸೆಯಬೇಕಾಗಿದೆಯೆನ್ನೋಣ. ಅಲ್ಲಿರುವವನು ಬೇಸನ್ನು ಬಿಡದೆ ಎರಡು ಪಕ್ಕಕ್ಕೂ ಒಂದೂವರೆ ಮೀಟರಿನಷ್ಟು ಕೈಚಾಚಬಲ್ಲನೆಂದರೆ, ಎಸೆಯುವವನು ದಿಕ್ಕಿನಲ್ಲಿ ತಪ್ಪಬಹುದಾದುದು 2.4 ಡಿಗ್ರಿ ಮಾತ್ರ. ಎಂಟು ದಿಕ್ಕುಗಳನ್ನು ಮಾತ್ರ ಬಲ್ಲ ಹಳೆಯ ಕಾಲದ ಹಿಡಿಕೆಗಳಲ್ಲಿ ಒಂದು ದಿಕ್ಕಿಗೂ ಇನ್ನೊಂದಕ್ಕೂ 45 ಡಿಗ್ರಿ ಅಂತರ. ನಮಗೆ ಬೇಕಾದ ದಿಕ್ಕು ಎರಡರ ನಟ್ಟನಡುವೆ ಬಿದ್ದರೆ ತಪ್ಪು 22.5 ಡಿಗ್ರಿ, 36 ಮೀಟರಿನ ಆಚೆ ಅದು 15 ಮೀಟರಾಗುತ್ತದೆ. ಚೆಂಡು ಜೊತೆಗಾರನಿಗೆ ಬದಲಾಗಿ ಪ್ರೇಕ್ಷಕರ ಕೈಸೇರುವುದು! ಆದುದರಿಂದಲೇ ಎಸೆತದ ಗುರಿಯನ್ನು ದಿಕ್ಕಿನಿಂದ ತಿಳಿಸುವ ಕ್ರಮವನ್ನು ಬಿಟ್ಟು, ನಾಲ್ಕು ಗುಂಡಿಗಳನ್ನು ಚೌಕದ ನಾಲ್ಕು ಮೂಲೆಗಳಿಗೆ ಹೊಂದಿಸುವ ಪದ್ಧತಿ ರೂಢಿಗೆ ಬಂದಿದೆ. ಬಲಗಡೆಯ ಗುಂಡಿ ಮೊದಲನೆಯ ಬೇಸು, ಮೇಲಿನದು ಎರಡನೆಯದು, ಎಡದ್ದು ಮೂರನೆಯದು, ಕೆಳಗಿನದು ಹೋಮ್. ಮೈದಾನದ ನಕ್ಷೆಯೇ ಹೆಬ್ಬೆರಳಿನ ಕೆಳಗೆ ಕುಳಿತಂತಾಯಿತು.

ಆದರೆ ಗುಂಡಿಯನ್ನೊತ್ತಿದರೆ ಸಾಕು, ಎಸೆತ ಸರಿಯಾಗಿಯೇ ಹೋಗುವುದೆಂದಾದರೆ ಆಟದಲ್ಲಿ ಸ್ವಾರಸ್ಯವೇನು ಉಳಿಯಿತು? ನಿಜವಾದ ಎಸೆತ ಎಷ್ಟು ಸೂಕ್ಷ್ಮವಾದುದೆಂಬುದನ್ನು ಸ್ಥೂಲವಾಗಿ ಲೆಕ್ಕಹಾಕಬಹುದು. ಸೆಕೆಂಡಿಗೆ 36 ಮೀಟರು ವೇಗದ ಎಸೆತ ಗುರಿಯನ್ನು ತಲುಪಲು ಒಂದು ಸೆಕೆಂಡು ಬೇಕು. ಅಷ್ಟರಲ್ಲಿ ಗುರುತ್ವಾಕರ್ಷಣೆಯು ಅದನ್ನು 4.9 ಮೀಟರು ಕೆಳಗೆಳೆಯುತ್ತದೆ. ಆದಕಾರಣ ಚೆಂಡನ್ನು ಸುಮಾರು 8 ಡಿಗ್ರಿ ಮೇಲ್ಮುಖವಾಗಿ ಎಸೆಯಬೇಕು. ಹಿಡಿಯುವವನ ಕಾಲಿನಿಂದ ಮೇಲೆತ್ತಿದ ಕೈವರೆಗೆ 2.4 ಮೀಟರು ಅವಕಾಶವಿದೆಯೆಂದರೂ ಅದು 3.8 ಡಿಗ್ರಿಗೆ ಸಮ. ಕೈ ಒಂದು ಮೀಟರು ತ್ರಿಜ್ಯದ ವೃತ್ತದಲ್ಲಿ ಅದೇ ವೇಗದಲ್ಲಿ ತಿರುಗುತ್ತಿದ್ದರೆ ಸೆಕೆಂಡಿಗೆ 2,000 ಡಿಗ್ರಿಗೂ ಮಿಕ್ಕಿ ದಿಕ್ಕು ಬದಲಾಗುತ್ತಿರುತ್ತದೆ. ಹಾಗಾದರೆ ಬೆರಳುಗಳು ಚೆಂಡನ್ನು ಬಿಡಬೇಕಾದ ಕಾಲಾವಕಾಶ ಒಂದು ಸೆಕೆಂಡಿನ ಸಾವಿರ ಪಾಲಿನಲ್ಲಿ ಎರಡು ಪಾಲು ಮಾತ್ರ! ಬಿಡುವ ಕ್ಷಣದಲ್ಲಿ ಕೈಯ ಪಥ ಸ್ವಲ್ಪ ನೆಟ್ಟಗಾಗುವುದರಿಂದ ಈ ಅವಕಾಶ ಕೊಂಚ ಹಿಗ್ಗಬಹುದು. ಆದರೂ ಮೂಲ ಮಾತು ಬದಲಾಗದು.

ವಿಡಿಯೋ ಆಟಗಳ ಚಿತ್ರ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಒಂದು ಚಿತ್ರಕ್ಕೆ ಸುಮಾರು 17 ಮಿಲಿಸೆಕೆಂಡು. ನಮ್ಮ ತೋಳು ತೋರುವ ಸೂಕ್ಷ್ಮತೆ ಇಂಥ ಒಂದು ಚಿತ್ರದ ಎಂಟನೆಯ ಒಂದು ಪಾಲು. ಯಂತ್ರದ ಗಡಿಯಾರಕ್ಕಿಂತ ಹಳ್ಳಿಯ ಹುಡುಗನ ತೋಳು ಸೂಕ್ಷ್ಮವೆಂಬುದು ಹೆಮ್ಮೆಪಡಬೇಕಾದ ಸಂಗತಿ. ಆ ಕೌಶಲವನ್ನು ಪರೀಕ್ಷಿಸಲಾರದೆ ಆಟವು ಅದರ ಬದಲಿಗೆ ಇನ್ನೊಂದನ್ನು ಪರೀಕ್ಷಿಸುತ್ತದೆ. 2006ರಲ್ಲಿ ಆರಂಭವಾದ ‘ಎಂಎಲ್‌ಬಿ ದಿ ಷೋ’ ಮಾಲೆಯ ಆಟಗಳಲ್ಲಿ ಒಂದು ಪಟ್ಟಿಯ ಮೇಲೆ ಗುರುತೊಂದು ಚಲಿಸುವ ಕ್ರಮವಿದೆ. ಅದು ಹಸುರು ಭಾಗದಲ್ಲಿರುವಾಗ ಒತ್ತಿದ ಗುಂಡಿಯನ್ನು ಬಿಟ್ಟರೆ ಎಸೆತ ನೆಟ್ಟಗೆ ಹೋಗುತ್ತದೆ. ಗುರುತು ಪಟ್ಟಿಯನ್ನು ದಾಟಲು ಒಂದು ಸೆಕೆಂಡು ಹಿಡಿದು, ಹಸುರು ಭಾಗ ಪಟ್ಟಿಯ ಹತ್ತನೆಯ ಒಂದು ಪಾಲಿದ್ದರೆ ನಮಗೆ ದೊರೆಯುವುದು 100 ಮಿಲಿಸೆಕೆಂಡು.

ಇಲ್ಲಿ ಒಂದು ಎಚ್ಚರಿಕೆ. ಕಣ್ಣು ಕಂಡುದಕ್ಕೆ ಕೈ ಪ್ರತಿಕ್ರಿಯೆ ತೋರಲು ಸುಮಾರು 200 ಮಿಲಿಸೆಕೆಂಡು ಬೇಕು. ಹಸುರು ಬಂದುದನ್ನು ಕಂಡಮೇಲೆ ಬೆರಳು ಬಿಡುವವನು ಯಾವಾಗಲೂ ತಡವೇ. ಆದರೆ ಗುರುತಿನ ಚಲನೆ ಒಂದೇ ಸಮನಾಗಿರುವುದರಿಂದ ಅದು ಬರುವ ಹೊತ್ತನ್ನು ಮುಂಗಂಡು ಬೆರಳನ್ನು ಬಿಡಬಹುದು. ತಾಳವನ್ನು ಹಾಕುವವನು ಪೆಟ್ಟನ್ನು ಕೇಳಿ ಕೈತಟ್ಟುವುದಿಲ್ಲ. ಪೆಟ್ಟಿನ ಜೊತೆಗೆ ತಟ್ಟುತ್ತಾನೆ. ಇದೂ ಅಂಥದೇ.

ಅರ್ಧ ಸೆಕೆಂಡಿನ ಬೆಲೆ

ಈ ತಡ ಎಷ್ಟು ದುಬಾರಿಯೆಂಬುದನ್ನು ನೋಡಿರಿ. ಅಮೆರಿಕದ ಪ್ರಮುಖ ಲೀಗಿನ ಬಲಗೈ ದಾಂಡಿಗನು ಮೊದಲನೆಯ ಬೇಸನ್ನು ಮುಟ್ಟಲು ಸರಾಸರಿ 4.3 ಸೆಕೆಂಡು ಬೇಕು. ನೆಲದ ಮೇಲೆ ಬಂದ ಚೆಂಡು ಷಾರ್ಟ್‌ಸ್ಟಾಪನ್ನು ತಲುಪಲು 1.8 ಸೆಕೆಂಡು, ಅದನ್ನು ಎತ್ತಿ ಕೈಬದಲಿಸಿ ಎಸೆಯಲು 1.2, ಹಾರಲು 1 ಸೆಕೆಂಡು ಎಂದಿಟ್ಟುಕೊಂಡರೆ ಒಟ್ಟು 4.0. ಉಳಿತಾಯ 0.3 ಸೆಕೆಂಡು. ಚೆಂಡು ಕೈಗೆ ಬಂದಮೇಲೆ ಎಲ್ಲಿಗೆ ಎಸೆಯಲಿ ಎಂದು ಯೋಚಿಸತೊಡಗಿದರೆ ಈ ಉಳಿತಾಯ ಕರಗಿಹೋಗುತ್ತದೆ. ಅಷ್ಟರಲ್ಲಿ ಓಟಗಾರನು ಎರಡು ಮೀಟರಿಗೂ ಹೆಚ್ಚು ಮುಂದುವರಿದಿರುತ್ತಾನೆ. ಇದರ ಮೇಲೆ ಪರದೆಯೂ ಹಿಡಿಕೆಯೂ ಸೇರಿ ಸೆಕೆಂಡಿನ ನೂರರಲ್ಲಿ ಕೆಲವು ಪಾಲುಗಳನ್ನು ತಿನ್ನುತ್ತವೆ. ಒಂಬತ್ತು ಬೊಂಬೆಗಳಲ್ಲಿ ಈಗ ನಮ್ಮ ಹತೋಟಿಗೆ ಬಂದಿರುವುದು ಯಾವುದೆಂದು ಗುರುತಿಸಲು ಇನ್ನಷ್ಟು ಕಾಲ ಹೋಗುತ್ತದೆ. ಮೈದಾನದಲ್ಲಿ ‘ನಾನು ಯಾರು?’ ಎಂಬ ಪ್ರಶ್ನೆ ಯಾವ ಆಟಗಾರನಿಗೂ ಏಳುವುದಿಲ್ಲ!

ಆದುದರಿಂದ ನನ್ನ ವಿದ್ಯಾರ್ಥಿಗೆ ಮೂರು ಸಲಹೆಗಳನ್ನು ಕೊಟ್ಟೆ. ಒಂದು: ಪರದೆಯ ಮೇಲೆ ಚೆಂಡನ್ನು ನೋಡಬೇಡ, ನೆರಳನ್ನೂ ಉಂಗುರವನ್ನೂ ನೋಡು. ಎರಡು: ಚೆಂಡು ಹೊಡೆಯಲ್ಪಡುವ ಮೊದಲೇ, ಅದು ನನ್ನ ಕಡೆ ಬಂದರೆ ಎಲ್ಲಿಗೆ ಎಸೆಯುವೆನೆಂದು ನಿಶ್ಚಯಿಸಿಕೋ, ಆಟ ಅನುಮತಿಸಿದರೆ ಚೆಂಡು ಕೈಸೇರುವ ಮುಂಚೆಯೇ ಬೇಸಿನ ಗುಂಡಿಯನ್ನು ಒತ್ತು. ಮೂರು: ಗುರುತನ್ನು ಅಟ್ಟಿಸಿಕೊಂಡು ಹೋಗಬೇಡ, ಅದರ ತಾಳವನ್ನು ಹಿಡಿ. ಅವನು ತುಸು ಹೊತ್ತು ಸುಮ್ಮನಿದ್ದು, “ತಂಗಿ ಚೆಂಡನ್ನು ನೋಡುವುದೇ ಇಲ್ಲ, ಸಾರ್, ಉಂಗುರವನ್ನೇ ನೋಡುತ್ತಾಳೆ” ಎಂದನು. ಅವಳಿಗೆ ಮರೆಯಬೇಕಾದ ಹಳೆಯ ವಿದ್ಯೆ ಯಾವುದೂ ಇರಲಿಲ್ಲ. ಇವನ ಕಣ್ಣಾದರೋ ಹತ್ತು ವರ್ಷಗಳಿಂದ ಚೆಂಡನ್ನೇ ನೋಡಲು ಕಲಿತಿತ್ತು. ಪರದೆಯ ಮುಂದೆ ಆ ಒಳ್ಳೆಯ ಅಭ್ಯಾಸವೇ ಅವನಿಗೆ ಅಡ್ಡವಾಯಿತು.

ಓದುಗರು ಇದನ್ನು ಖರ್ಚಿಲ್ಲದೆ ಪರೀಕ್ಷಿಸಿ ನೋಡಬಹುದು. ಮೈದಾನದಲ್ಲಿ ಗೆಳೆಯನೊಬ್ಬನು ಚೆಂಡನ್ನು ಎತ್ತರಕ್ಕೆ ಎಸೆಯಲಿ. ಅದು ಏರುತ್ತಿರುವಾಗಲೇ ನೀವು ನಿಂತಲ್ಲಿಂದ ಕದಲದೆ ಕಣ್ಣುಮುಚ್ಚಿಕೊಂಡು, ಅದು ಬೀಳುವ ಜಾಗವನ್ನು ಬೆರಳಿನಿಂದ ತೋರಿಸಿರಿ. ಅನಂತರ ಅಂಥದೇ ಚೆಂಡನ್ನು ಓಡಿಹೋಗಿ ಹಿಡಿಯಿರಿ. ಬೆರಳು ಮೀಟರುಗಟ್ಟಲೆ ತಪ್ಪಿದರೂ ಕಾಲು ತಪ್ಪದಿರುವುದನ್ನು ಕಂಡರೆ ಆಶ್ಚರ್ಯಪಡಬೇಡಿರಿ. ಚೆಂಡು ತಮ್ಮ ಕೈಗೆಟಕುವುದೇ ಇಲ್ಲವೇ ಎಂಬುದನ್ನು ಕೂಡ ನಿಂತು ನೋಡುವವರಿಗಿಂತ ಓಡತೊಡಗಿದವರು ಚೆನ್ನಾಗಿ ನಿರ್ಣಯಿಸುತ್ತಾರೆಂದು 1996ರಲ್ಲಿ ನೆದರ್‌ಲೆಂಡ್ಸಿನ ಸಂಶೋಧಕರು ತೋರಿಸಿದ್ದಾರೆ.

ಆ ಹುಡುಗನು ಮಾರನೆಯ ಬೆಳಿಗ್ಗೆ ಮೈದಾನಕ್ಕೆ ಹೋಗಿ ಇಪ್ಪತ್ತು ಚೆಂಡುಗಳಲ್ಲಿ ಹತ್ತೊಂಬತ್ತನ್ನು ಹಿಡಿದು ಬಂದನು. ಅಳುಕು ಹೋಯಿತು. ಕಾಲು ನೆಲದ ಮೇಲಿರುವವರೆಗೆ ಅವನ ವಿದ್ಯೆ ಅವನನ್ನು ಬಿಟ್ಟುಹೋಗುವಂತಿರಲಿಲ್ಲ. ತಂಗಿಯನ್ನು ಸೋಲಿಸಲು ಮಾತ್ರ ಅವನು ಇನ್ನೂ ಪ್ರಯತ್ನಿಸುತ್ತಿದ್ದಾನೆ.